ಮುಂದೇನೂ ಇಲ್ಲದ ಕಿಟಕಿ

“ಕಿಟಕಿ ಇರೋ ಮನಿ ಮಾಡಿ ಕೊಡ್ತೀನಿ. ಅದರ ಮುಂದ ಗ್ವಾಡಿ ಇರಬಾರದು, ಗಿಡ ಇರಬಾರದು, ಏನೂ ಇರಬಾರದು. ಅಂಥಾ ಕಿಟಕಿ.”

ಪ್ರಭುಲಿಂಗ ಈ ಮಾತು ಕೊಟ್ಟದ್ದು ಮದುವೆಯಾದ ಹೊಸದರಲ್ಲಿ, ಕೌಲ್ ಬಜಾರಿನ ಬಾಡಿಗೆ ಕೋಣೆಯಲ್ಲಿ, ಗಂಟಲು ಹರಿಯುವಂತೆ ಕೂಗಿ. ಗೋಡೆಯಾಚೆ ತಗಡಿನ ಟ್ರಂಕು ಮಾಡುವ ಅಂಗಡಿಯಿತ್ತು. ಅಲ್ಲಿ ಸುತ್ತಿಗೆ ನಿಂತರಷ್ಟೇ ಇಲ್ಲಿ ಗಂಡ ಹೆಂಡತಿ ಮೆಲ್ಲಗೆ ಮಾತಾಡಬಹುದಿತ್ತು. ಕೋಣೆಗೆ ಕಿಟಕಿಯೇ ಇರಲಿಲ್ಲ. ಕುರುಗೋಡಿನ ತವರುಮನೆಯಲ್ಲಿ ನೀಲಾವತಿ ಕಿಟಕಿಯ ಕಟ್ಟೆಯ ಮೇಲೆ ಕೂತು ಅಕ್ಕಿ ಆರಿಸಿ ಬೆಳೆದವಳು. ಅಲ್ಲಿಂದ ಮೆಣಸಿನಕಾಯಿ ಹೊಲ ಕಾಣುತ್ತಿತ್ತು, ಹೊಲದಾಚೆ ಗುಂಡುಕಲ್ಲಿನ ಗುಡ್ಡ ಕಾಣುತ್ತಿತ್ತು. ಇಲ್ಲಿಗೆ ಬಂದ ಮೇಲೆ ಒಂದು ಬೆಳಗ್ಗೆ ಅವಳು ಮೊರ ಹಿಡಿದು ಬಾಗಿಲಲ್ಲಿ ನಿಂತು, ಬೆಳಕು ಎತ್ತಲಿಂದ ಬರುತ್ತದೆಂದು ಮೊರವನ್ನು ಅತ್ತ ಇತ್ತ ತಿರುಗಿಸಿ ನೋಡುತ್ತಿದ್ದಳು. ಅತ್ತಿರಲಿಲ್ಲ, ದೂರಿರಲಿಲ್ಲ. ಅದನ್ನು ಕಂಡೇ ಅವನ ಬಾಯಿಂದ ಆ ಮಾತು ಬಂದಿತ್ತು.

“ಮೊದಲು ಬಾಡಿಗಿ ಕೊಡ್ರಿ, ಆಮ್ಯಾಲೆ ಕಿಟಕಿ ಇಡುವಂತ್ರಿ,” ಎಂದು ಅವಳು ನಕ್ಕಿದ್ದಳು.

ಅವನು ಮನೆ ಕಟ್ಟಿದ. ಪಾರ್ವತಿನಗರದ ಒಳಗಿನ ಓಣಿಯೊಂದರಲ್ಲಿ, ಖಾಲಿ ಸೈಟಿನ ಎದುರಿಗೆ, ಅರ್ಧ ಗೋಡೆಯಷ್ಟು ಕಿಟಕಿ ಇಡಿಸಿ ಕಟ್ಟಿದ. “ಏನ್ ಸಾವಕಾರ್ರೆ, ಇದು ಮಲಗೋ ಕ್ವಾಣಿನೋ, ಕಿರಾಣಿ ಅಂಗಡಿನೋ?” ಎಂದು ಗೌಂಡಿ ಕೇಳಿದ್ದ.

ಅದೇ ವರ್ಷ ಗಂಗೋತ್ರಿ ಹುಟ್ಟಿದಳು. ಪ್ರಭುಲಿಂಗ ದುಡಿಯುತ್ತಿದ್ದ ಸ್ಪಂಜ್ ಐರನ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿಯವರಿಗೆ ಒಂದಿಷ್ಟು ಹೆಚ್ಚಿಗೆ ಕೊಡುತ್ತಿದ್ದರು. ಕೂಸಿನ ಮುಂದಿನ ಓದು ನೆನೆದು, ತನಗೆ ಕಾಯಂ ರಾತ್ರಿ ಪಾಳಿಯೇ ಇರಲೆಂದು ಅವನೇ ಕೇಳಿ ಪಡೆದ. ಬೆಳಗ್ಗೆ ಬಂದು ಒರಗಿದರೆ ಬಳ್ಳಾರಿಯ ಬಿಸಿಲು ಆ ದೊಡ್ಡ ಕಿಟಕಿಯಿಂದ ನೇರ ಕಣ್ಣ ಮೇಲೆ ಬೀಳುತ್ತಿತ್ತು. ನಾಲ್ಕು ದಿನ ಅವನು ಹೊರಳಾಡುವುದನ್ನು ನೋಡಿದ ನೀಲಾವತಿ, ತವರಿನವರು ಕೊಟ್ಟಿದ್ದ ಕರಿ ಕಂಬಳಿಯನ್ನು ಕಿಟಕಿಗೆ ಇಳಿಬಿಟ್ಟು ಅಂಚಿಗೆಲ್ಲ ಬಟ್ಟೆಗೆ ಹಾಕುವ ಕ್ಲಿಪ್ಪು ಸಿಕ್ಕಿಸಿದಳು. ಅಲ್ಲಿಂದಾಚೆ ಆ ಕಂಬಳಿ ಒಗೆಯುವ ದಿನ ಬಿಟ್ಟು ಇಳಿಯಲಿಲ್ಲ.

ಮನೆ ಪಿಸುಮಾತಿನಲ್ಲಿ ನಡೆಯಿತು. ಕುಕ್ಕರು ಸೀಟಿ ಹೊಡೆಯುವ ಮೊದಲೇ ಅವಳು ಬಟ್ಟೆ ಹಿಡಿದು ಹಬೆ ಬಿಡುತ್ತಿದ್ದಳು. ಸೊಪ್ಪು ಮಾರುವ ಮಾರೆಮ್ಮ ಓಣಿಯ ತುಂಬ ಕೂಗಿಕೊಂಡು ಬಂದವಳು ಈ ಮನೆ ಬಂದಾಗ ಬಾಯಿ ಮುಚ್ಚಿ, ಬಳೆಯಿಂದ ಗೇಟನ್ನು ಟಿಣ್ ಎನ್ನಿಸಿ ನಿಲ್ಲುತ್ತಿದ್ದಳು. ಗಂಗೋತ್ರಿ ಮಗ್ಗಿ ಕಲಿತದ್ದೂ ಪಿಸುಗುಟ್ಟಿಯೇ. ಸಾಲಿಯ ಮೇಷ್ಟ್ರು ನೀಲಾವತಿಯನ್ನು ಕರೆಸಿ, “ಏನಮ್ಮಾ, ನಿಮ್ಮ ಹುಡುಗಿಗೆ ಗಂಟಲು ತೊಂದರೆ ಐತೇನು?” ಎಂದು ಕೇಳಿದ್ದರಂತೆ. ಇದೆಲ್ಲ ಪ್ರಭುಲಿಂಗನ ಕಿವಿಗೆ ಬಿದ್ದದ್ದು ಯಾವಾಗಲೋ, ನಗೆಮಾತಾಗಿ. ಅವನು ನಿದ್ದೆಯಲ್ಲಿದ್ದ.

ಕಳೆದ ತಿಂಗಳು ಅವನಿಗೆ ನಿವೃತ್ತಿಯಾಯಿತು. ಕಾರ್ಖಾನೆಯ ಬಸ್ಸು ಓಣಿಯ ಬಾಯಿಗೆ ಬರುವುದು ನಿಂತಿತು. ನಿದ್ದೆ ಮಾತ್ರ ತನ್ನ ಪಾಳಿ ಬಿಡಲಿಲ್ಲ. ಅವನು ರಾತ್ರಿಯೆಲ್ಲ ಕಣ್ಣು ತೆರೆದಿರುತ್ತಿದ್ದ, ಬೆಳಕು ಹರಿದರೆ ಕಂಬಳಿಯ ಕತ್ತಲಿಗೆ ಬಂದು ಬೀಳುತ್ತಿದ್ದ.

ಭಾನುವಾರ ಗಂಗೋತ್ರಿ ಸಿರುಗುಪ್ಪದಿಂದ ಬಂದಳು. ಅಲ್ಲಿನ ಹೈಸ್ಕೂಲಿನಲ್ಲಿ ಟೀಚರು; ಅವಳು ಪಾಠ ಮಾಡಿದರೆ ಕೊನೆಯ ಬೆಂಚಿನವರೂ ತೂಕಡಿಸುವ ಹಾಗಿಲ್ಲವೆಂದು ಹೆಸರು. ಅಪ್ಪ ಎದ್ದ ಮೇಲೆ, ಸಂಜೆಯ ಚಹಾದ ಹೊತ್ತಿಗೆ, ಅವಳು ಮೊಬೈಲು ತೆಗೆದು ನಡುವೆ ಇಟ್ಟಳು. ಪರದೆಯ ಮೇಲೊಂದು ಬಿಳಿ ಹಡಗು.

“ನಿಮ್ಮಿಬ್ಬರಿಗೂ ಇದು ನನ್ನ ಕಡಿಯಿಂದ. ಬ್ಯಾಡ ಅನ್ನಂಗಿಲ್ಲ. ಚೆನ್ನೈನಾಗ ಹತ್ತಿ ಸಮುದ್ರದ ಮ್ಯಾಲೆ ವಿಶಾಖಪಟ್ಟಣಕ್ಕ ಹೋಗಿ ವಾಪಸ್ ಬರೋದು.”

“ಅಯ್ಯ, ತೆಪ್ಪದಾಗ ತುಂಗಭದ್ರಾ ದಾಟೋ ಮುಂದೇ ಕಣ್ಣು ಮುಚ್ಚಿಕೊಂಡಾಕಿ ನಾನು,” ಎಂದಳು ನೀಲಾವತಿ. ಅಂದರೂ ಮೊಬೈಲನ್ನು ಕೈಗೆ ತೆಗೆದುಕೊಂಡು ಹಡಗನ್ನು ದೊಡ್ಡದು ಮಾಡಿ ನೋಡಿದಳು.

“ಕ್ಯಾಬಿನ್ ಯಾವುದು ಅಂತ ಹೇಳ್ರಿ, ಬುಕ್ ಮಾಡ್ತೀನಿ. ಒಳಗಿನದು ಒಂದು, ಬಾಲ್ಕನಿದು ಒಂದು. ಬಾಲ್ಕನಿದು ಬಾಳ ತುಟ್ಟಿ.”

ಕಾರ್ಖಾನೆಯ ಗೆಳೆಯ ಎರ್ರಣ್ಣ ಅಷ್ಟರಲ್ಲೇ ಬಂದು ಕೂತಿದ್ದ. ಅಳಿಯನ ಜೊತೆ ಹಿಂದಿನ ವರ್ಷ ಹಡಗು ಹತ್ತಿ ಬಂದವನು. ಆವತ್ತಿನಿಂದ ಓಣಿಯಲ್ಲಿ ಯಾರಾದರೂ ನೀರು ಎಂದರೂ ಸಾಕು, ಹಡಗಿನ ಮಾತು ತೆಗೆಯುತ್ತಿದ್ದ.

“ಏಮಯ್ಯಾ ಬಾವಾ, ನನ್ನ ಮಾತು ಕೇಳು. ಬಾಲ್ಕನಿ ಶುದ್ಧ ದಂಡ. ಊಟ ಮ್ಯಾಲೆ, ಆಟ ಮ್ಯಾಲೆ, ಗಾಳಿ ಮ್ಯಾಲೆ. ರೂಮಿಗೆ ಹೋಗೋದು ಮಕ್ಕೊಳ್ಳಾಕ ಅಷ್ಟೇ. ಮಕ್ಕೊಂಡಾವ್ಗ ಬಾಲ್ಕನಿ ಯಾಕ ಬೇಕು? ಕನಸಿನಾಗ ಹೋಗಿ ನಿಂದ್ರತೀಯೇನು?”

“ಎರ್ರಣ್ಣ ಮಾಮಾ ಹೇಳೋದು ಖರೇ,” ಎಂದಳು ಗಂಗೋತ್ರಿ. “ಒಳಗಿನ ಕ್ಯಾಬಿನ್‌ಗೆ ಕಿಟಕಿನೇ ಇರಂಗಿಲ್ಲಂತ. ಲೈಟ್ ಆರಿಸಿದ್ರ ಗವ್ ಅಂತ ಕತ್ತಲು, ಹೊತ್ತು ಹುಟ್ಟಿದ್ದೂ ಗೊತ್ತಾಗಂಗಿಲ್ಲ. ಅಪ್ಪಗ ಹೇಳಿ ಮಾಡಿಸಿದಂಗೈತಿ.”

ನೀಲಾವತಿ ಮೊಬೈಲಿನಲ್ಲಿ ಬಾಲ್ಕನಿಯ ಚಿತ್ರಕ್ಕೆ ಬಂದಿದ್ದಳು. ಎರಡು ಕುರ್ಚಿ, ಗಾಜಿನ ತಡೆ, ಆಚೆ ಬರೀ ನೀಲಿ. ಹೆಬ್ಬೆರಳು ಅಲ್ಲೇ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಮೊಬೈಲನ್ನು ಮಗಳಿಗೆ ಕೊಟ್ಟಳು.

“ಒಳಗಿಂದ ಮಾಡಿಸವ್ವಾ. ನಿಮ್ಮಪ್ಪಗ ನಿದ್ದಿ ಆಗಬೇಕು ಮೊದಲು. ನಿದ್ದಿ ಕೆಟ್ರ ಅವ್ರಿಗೆ ತಲಿ ಹಿಡಿತೈತಿ.”

ಪ್ರಭುಲಿಂಗನೂ ತಲೆಯಾಡಿಸಿದ. “ಹ್ಞೂಂ, ಒಳಗಿಂದ ಸಾಕು.” ಅವನಿಗೆ ಅದರಲ್ಲಿ ಏನೂ ಅನ್ನಿಸಲಿಲ್ಲ.

ಮರುದಿನ ಮಲಗಿದ್ದವನಿಗೆ ಬಾಯಾರಿ ಎಚ್ಚರವಾಯಿತು. ತಂಬಿಗೆ ಖಾಲಿಯಿತ್ತು. ಎದ್ದು, ಗೋಡೆ ಸವರಿಕೊಂಡು ಅಡುಗೆಮನೆಗೆ ಬಂದ. ಇಷ್ಟು ವರ್ಷದಲ್ಲಿ ಆ ಹೊತ್ತಿನಲ್ಲಿ ಅವನು ತನ್ನ ಮನೆಯನ್ನು ನೋಡಿದ್ದೇ ಕಡಿಮೆ. ಕೋಣೆಗೆ ಬೆಳಕು ನುಗ್ಗಬಾರದೆಂದು ನಡುಮನೆಯ ಪರದೆಗಳನ್ನೂ ಎಳೆದಿತ್ತು. ಹಿತ್ತಿಲ ಬಾಗಿಲು ಒಂದು ಗೇಣು ತೆರೆದಿತ್ತು. ಆ ಸಂದಿಯಿಂದ ಬಿದ್ದ ಬಿಸಿಲಿನ ಪಟ್ಟಿಯಲ್ಲಿ ನೀಲಾವತಿ ನೆಲಕ್ಕೆ ಕೂತು ತೊಗರಿಬೇಳೆ ಆರಿಸುತ್ತಿದ್ದಳು. ಪಟ್ಟಿ ಮೆಲ್ಲಗೆ ಸರಿಯುತ್ತಿತ್ತು. ಅದು ಸರಿದ ಹಾಗೆ ಅವಳೂ ತಟ್ಟೆಯನ್ನು ಸರಿಸುತ್ತಿದ್ದಳು. ಕಣ್ಣೆತ್ತಿ ನೋಡಬೇಕಾದ್ದೂ ಇರಲಿಲ್ಲ ಅವಳಿಗೆ. ಕೈಗೆ ಆ ದಾರಿ ರೂಢಿಯಾಗಿತ್ತು.

ಅವನನ್ನು ಕಂಡವಳೇ ಧಡಕ್ಕನೆ ಎದ್ದಳು. ಮೊದಲು ಮಾಡಿದ ಕೆಲಸ ಬಾಗಿಲು ಮುಚ್ಚಿದ್ದು.

“ಯಾಕ್ರಿ, ಸಪ್ಪಳ ಆತೇನು?” ಅದೇ ಪಿಸುಮಾತು.

“ಇಲ್ಲ. ನೀರು.”

ಅವಳು ಕತ್ತಲಲ್ಲೇ ಲೋಟ ತುಂಬಿ ಕೊಟ್ಟಳು, ಒಂದು ಹನಿ ಚೆಲ್ಲದೆ. ಅವನು ಕುಡಿದು ಅಲ್ಲೇ ನಿಂತ.

“ನೀಲಾ, ಇಷ್ಟು ವರ್ಷ ಹಿಂಗ ಕತ್ತಲಾಗ ಕುಂತೇನು?”

“ಅದಕ್ಕೇನಾತ್ರಿ? ನೀವು ಮಕ್ಕೊಂಡ್ರಿ, ನಾವು ಉಂಡ್ವಿ,” ಎಂದಳು, ಏನೋ ಸಣ್ಣ ಲೆಕ್ಕ ಹೇಳಿದಂತೆ. “ಹೋಗ್ರಿ, ಇನ್ನೊಂದು ಗಳಿಗಿ ಒರಗ್ರಿ. ಮಾರೆಮ್ಮಗೂ ಹೇಳೀನಿ, ಇವತ್ತು ಗೇಟು ಬಡಿಬ್ಯಾಡ ಅಂತ.”

ಅವನು ಹೋಗಿ ಮಲಗಿದ. ನಿದ್ದೆ ಬರಲಿಲ್ಲ. ಕಿವಿಯಿಟ್ಟು ಕೇಳಿದ. ಬಾಗಿಲು ಮತ್ತೆ ಒಂದು ಗೇಣು ತೆರೆದದ್ದು, ತಟ್ಟೆ ನೆಲದ ಮೇಲೆ ಸರಿದದ್ದು, ಅಷ್ಟು ಮೆಲ್ಲಗೆ ನಡೆದರೂ ಈಗ ಅವನಿಗೆ ಕೇಳಿಸಿತು. ಹಗಲು ತಾನು ನೆಮ್ಮದಿಯಿಂದ ಮಲಗಿ, ರಾತ್ರಿ ಕುಲುಮೆಯ ಮುಂದೆ ತೂಕಡಿಸದೆ ನಿಂತದ್ದು, ಜೊತೆಯವರ ಕೈಕಾಲು ಸುಟ್ಟಾಗಲೂ ತನ್ನ ಮೈಗೆ ಒಂದು ಗಾಯವೂ ಆಗದೆ ಮನೆಗೆ ಬಂದದ್ದು, ಎಲ್ಲವೂ ನೆನಪಾಯಿತು. ತಾನು ಹುಷಾರಿ ಮನುಷ್ಯ ಎಂದುಕೊಂಡಿದ್ದ. ತನ್ನ ಹುಷಾರಿಯನ್ನು ಇಲ್ಲಿ ಇವಳು ದಿನಾ ಬಟ್ಟೆಯಲ್ಲಿ ಹಿಡಿದು ಕಾಯುತ್ತಿದ್ದಳು, ಕುಕ್ಕರಿನ ಹಬೆಯ ಜೊತೆಗೆ.

ಸಂಜೆ ಓಣಿಯ ಬಾಯಿಗೆ ಹೋಗಿ, ಸಿರುಗುಪ್ಪಕ್ಕೆ ಮರಳಿದ್ದ ಮಗಳಿಗೆ ಫೋನು ಮಾಡಿದ.

“ಗಂಗಾ, ಬುಕ್ ಮಾಡಿದೇನು?”

“ಇಲ್ಲಪ್ಪಾ, ಈಗ ಮಾಡಾಕ ಕುಂತೀನಿ.”

“ಬಾಲ್ಕನಿದು ಮಾಡು. ಹೆಚ್ಚಿಗಿ ಎಷ್ಟಾಗತೈತಿ, ಅದು ನನ್ನದು.”

“ನಿನಗ ನಿದ್ದಿ ಹೆಂಗಪ್ಪಾ? ಬೆಳಕು ಬಿದ್ರ ನಿನಗ…”

“ನನ್ನ ನಿದ್ದಿ ಆಗೇತಿ,” ಎಂದ ಪ್ರಭುಲಿಂಗ. “ನಿಮ್ಮವ್ವಗ ಹೇಳಬ್ಯಾಡ.”

ಆ ಕಡೆಯಿಂದ ಗಂಗೋತ್ರಿ, “ಆತಪ್ಪಾ,” ಎಂದಳು. ಎಷ್ಟೋ ವರ್ಷದ ಮೇಲೆ ಅವಳ ದನಿ ಪಿಸುಮಾತಾಗಿತ್ತು.

ಎರ್ರಣ್ಣನಿಗೆ ಸುದ್ದಿ ಮುಟ್ಟಿದಾಗ ಅವನು ಹಣೆ ಹಣೆ ಬಡಿದುಕೊಂಡ. “ಹೇಳಿ ಹೇಳಿ ಸಾಕಾತು ಬಾವಾ. ಗಾಳಿ ಕುಡಿಯಾಕ ಅಷ್ಟು ರೊಕ್ಕ ಯಾವನು ಕೊಡ್ತಾನಲೇ?”

“ಕೊಡಬೇಕಾದ್ದು ಇತ್ತೋ ಮಾರಾಯಾ,” ಎಂದು ಪ್ರಭುಲಿಂಗ ಚಹಾ ತರಿಸಿದ.

ಹಡಗಿನಲ್ಲಿ ಉದ್ದನೆಯ ಓಣಿಯಂಥ ದಾರಿ ದಾಟಿ, ಹುಡುಗನೊಬ್ಬ ಬಾಗಿಲು ತೆರೆದು ಹೋದ. ನೀಲಾವತಿ ಒಳಗೆ ಕಾಲಿಟ್ಟವಳು ಹಾಗೇ ಹಿಂದೆ ಸರಿದಳು.

“ನಡ್ರಿ ನಡ್ರಿ, ಯಾರದೋ ರೂಮಿಗೆ ಬಂದೀವಿ.”

“ನಮ್ಮದೇ ಇದು.”

“ನಮ್ಮದಕ್ಕ ಕಿಟಕಿ ಇಲ್ಲಂತ ಅಂದಿದ್ಲಲ್ಲ ಗಂಗಾ?”

“ಒಳಗಿನವೆಲ್ಲ ತುಂಬಿದ್ವಂತ,” ಎಂದು ಅವನು ಚೀಲ ಕೆಳಗಿಟ್ಟ.

ಅವಳು ನಂಬಿದಳೋ ಬಿಟ್ಟಳೋ. ಗಾಜಿನ ಬಾಗಿಲ ತನಕ ಹೋಗಿ, ಹೊರಗೆ ನೋಡುವುದನ್ನು ಬಿಟ್ಟು ಮೊದಲು ಅದರ ಪರದೆಯನ್ನು ಎರಡು ಬೆರಳಲ್ಲಿ ಹಿಡಿದು ದಪ್ಪ ನೋಡಿದಳು. “ತೆಳ್ಳಗೈತಿ. ಹೊತ್ತು ಹುಟ್ಟಿದ ಕೂಡ್ಲೇ ಒಳಗ ಬರ್ತೈತಿ ಬೆಳಕು.” ಚೀಲದ ಜಿಪ್ಪು ಎಳೆದಳು. ಸೀರೆಗಳ ಕೆಳಗಿನಿಂದ ಕರಿ ಕಂಬಳಿ ಹೊರಬಂತು, ಅದರ ಮಡಿಕೆಯಲ್ಲಿ ಕ್ಲಿಪ್ಪುಗಳ ಪೊಟ್ಟಣ.

“ಇದನ್ನ ಇಲ್ಲಿ ತನಕ ಹೊತ್ಕೊಂಡು ಬಂದೇನು?”

“ಯಾವುದಕ್ಕೂ ಇರಲಿ ಅಂತ ತಂದೆ. ಈಗ ನೋಡ್ರಿ, ಬೇಕಾತಿಲ್ಲೋ!”

ಅವನಿಗೆ ನಗು ಬಂತು.

ಎಂದಿನಂತೆ ಅವನಿಗೆ ಕಣ್ಣು ಹತ್ತಿದ್ದು ತೀರಾ ತಡವಾಗಿ. ಎಚ್ಚರವಾದಾಗ ಕೋಣೆ ಕತ್ತಲಾಗಿತ್ತು, ಪಾರ್ವತಿನಗರದ ಕತ್ತಲು. ತಾನೆಲ್ಲಿದ್ದೇನೆ ಎಂದು ಗೊತ್ತಾಗಲು ಹಾಸಿಗೆ ಮೆಲ್ಲಗೆ ತೂಗಬೇಕಾಯಿತು. ಗಾಜಿನ ಬಾಗಿಲಿಗೆ ಕಂಬಳಿ ಇಳಿಬಿದ್ದಿತ್ತು, ಅಂಚಿಗೆಲ್ಲ ಸಾಲಾಗಿ ಕ್ಲಿಪ್ಪು. ಕೆಳಗೆ ನೆಲದ ಮೇಲೆ ನೀಲಾವತಿ ಕೂತಿದ್ದಳು. ಕಂಬಳಿಯ ಒಂದು ಮೂಲೆಯನ್ನು ಎರಡು ಬೆರಳಿನಷ್ಟು ಸರಿಸಿ, ಆ ಸಂದಿಗೆ ಕಣ್ಣಿಟ್ಟು ನೋಡುತ್ತಿದ್ದಳು. ಅವಳ ಹಣೆಯ ವಿಭೂತಿಯ ಮೇಲೆ, ಒಂದು ಕೆನ್ನೆಯ ಮೇಲೆ, ದಾರದಷ್ಟು ಬೆಳಕು. ಅವನು ಮಗ್ಗಲು ಬದಲಿಸಿದ. ಅವಳು ತಟ್ಟನೆ ಮೂಲೆ ಬಿಟ್ಟಳು. ದಾರ ಆರಿಹೋಯಿತು.

“ಸಪ್ಪಳ ಆತೇನ್ರಿ?”

ಪ್ರಭುಲಿಂಗ ಎದ್ದು ಬಂದ. ಒಂದು ಕ್ಲಿಪ್ಪು ಬಿಚ್ಚಿದ. ಇನ್ನೊಂದು ಬಿಚ್ಚಿದ. “ಏ, ಏನು ಮಾಡಾಕ್ಹತ್ತೀರಿ? ಕಣ್ಣಿಗೆ ಬಡಿತೈತಿ, ಆಮ್ಯಾಲೆ ತಲಿ ನೋವು ಅಂತೀರಿ,” ಎಂದು ಅವಳು ಅವನ ಕೈ ಹಿಡಿದಳು. ಅವನು ಆ ಕೈಯನ್ನೂ ಸೇರಿಸಿಯೇ ಎಳೆದ. ಉಳಿದ ಕ್ಲಿಪ್ಪುಗಳೆಲ್ಲ ಪಟಪಟನೆ ಹಾರಿ ನೆಲಕ್ಕೆ ಬಿದ್ದವು. ಕಂಬಳಿ ಕುಸಿಯಿತು.

ಬೆಳಕು ಒಮ್ಮೆಗೇ ಬಂತು. ಅವನಿಗೆ ಏನೂ ಕಾಣಲಿಲ್ಲ, ಕಣ್ಣಲ್ಲಿ ನೀರು ತುಂಬಿತು. ತಡಕಾಡಿ ಬಾಗಿಲು ಸರಿಸಿದ. ಗಾಳಿ ನುಗ್ಗಿ ಅವಳ ಸೆರಗನ್ನು ಎತ್ತಿ ಅವನ ಮುಖಕ್ಕೆ ಹೊಡೆಯಿತು. ನೀಲಾವತಿ ಅವನನ್ನು ದಾಟಿಕೊಂಡು ಹೊರಗೆ ಹೋದಳು. ತಡೆಗಂಬಿ ಹಿಡಿದು ನಿಂತಳು. ಸ್ವಲ್ಪ ಹೊತ್ತು ಬರೀ ನೀರಿನ ಸದ್ದು.

“ರೀ!” ಎಂದು ಕೂಗಿದಳು. ಕೂಗಿದ್ದು ಎಷ್ಟು ಜೋರಾಗಿತ್ತೆಂದರೆ ಪಕ್ಕದ ಬಾಲ್ಕನಿಯಿಂದ ಯಾರೋ ಬಗ್ಗಿ ನೋಡಿದರು. “ಬರ್ರಿ ಇಲ್ಲಿ! ಮುಂದ ಏನೂ ಇಲ್ಲಲ್ರಿ! ಒಂದು ಗಿಡ ಇಲ್ಲ, ಗ್ವಾಡಿ ಇಲ್ಲ!”

ಹೆಂಡತಿಗೆ ಇಷ್ಟು ದೊಡ್ಡ ದನಿಯಿದೆ ಎಂಬುದು ಪ್ರಭುಲಿಂಗನಿಗೆ ಮರೆತೇ ಹೋಗಿತ್ತು. ಟ್ರಂಕಿನ ಅಂಗಡಿಯ ಸುತ್ತಿಗೆಯನ್ನು ಮೀರಿಸಿ ನಗುತ್ತಿದ್ದ ದನಿ ಅದು.

ಅವನು ಹೋಗಿ ಕುರ್ಚಿಯಲ್ಲಿ ಕೂತ. ಅವಳು ಪಕ್ಕದಲ್ಲಿ ಕೂತು ಮಾತಾಡತೊಡಗಿದಳು, ಕುರುಗೋಡಿನ ಕಿಟಕಿ, ಮೆಣಸಿನಕಾಯಿ ಹೊಲ, ಮಾರೆಮ್ಮನಿಗೆ ಇದನ್ನು ಹೇಗೆ ಹೇಳುವುದು, ಗಂಗಾ ಬಂದಿದ್ದರೆ ಚೆನ್ನಾಗಿತ್ತು, ಎಲ್ಲವನ್ನೂ ಗಟ್ಟಿಯಾಗಿ. ಕೇಳುತ್ತಾ ಕೇಳುತ್ತಾ ಅವನ ಕಣ್ಣು ಮುಚ್ಚಿದವು. ಮುಚ್ಚಿದ ರೆಪ್ಪೆಯೊಳಗೆಲ್ಲ ಬಿಸಿಲಿನ ಕೆಂಪು ತುಂಬಿತು. ಅವಳ ಮಾತು ನಿಂತದ್ದು ಅವನಿಗೆ ತಿಳಿಯಿತು. ಕುರ್ಚಿ ಕಿರುಗುಟ್ಟಿತು. ಕಂಬಳಿ ತರಲು ಅವಳು ಅರ್ಧ ಎದ್ದಿದ್ದಳು. ಆಮೇಲೆ ಕುರ್ಚಿ ಮತ್ತೊಮ್ಮೆ ಕಿರುಗುಟ್ಟಿತು. ಅವಳು ಕೂತಳು, ನಿಲ್ಲಿಸಿದ್ದ ಮಾತನ್ನು ಅಷ್ಟೇ ಗಟ್ಟಿಯಾಗಿ ಮುಂದುವರಿಸಿದಳು.

ಕೌಲ್ ಬಜಾರಿನಲ್ಲಿ ಕೊಟ್ಟ ಮಾತು ನಡೆಯಿತು.