ಕಮಾನಿನ ಮೇಲಿನ ಮಾತು

"ಹೋಯ್ ಮುದುಕಿ, ಹಲ್ಲು ಕಾಣ್ಲಿ! ಹೆಣ ಕಾಯುವವಳ ಹಾಂಗೆ ಎಂತಕ್ಕೆ ನಿಂತಿದ್ಯೆ? ವ್ಯಾನು ಬಂತು," ಎಂದು ಮೇಸ್ತ್ರಿ ಗಣಪ ಕೂಗಿದ.

ತಿಮ್ಮಿ ಕಮಾನಿನ ಕೆಳಗೆ ನಿಂತಿದ್ದಳು. ಕಂಪನಿ ಕೊಟ್ಟ ಸೀರೆ. ತಲೆಯ ಮೇಲೆ ಬುಟ್ಟಿ, ಬುಟ್ಟಿಯಲ್ಲಿ ಪ್ಲಾಸ್ಟಿಕ್ ಬಂಗಡೆ. ವ್ಯಾನಿನಿಂದ ಇಳಿದವರಿಗೆ ಕೈಮುಗಿದು ಹೇಳಿದಳು: "ನಿನ್ ಹೆಣಾ ಎತ್ತಾ."

"ನಿನ್ ಹೆನಾ ಎತ್ತಾ!" ಅವರೂ ಕೈಮುಗಿದರು. ಒಬ್ಬಾಕೆಯ ಕಣ್ಣಲ್ಲಿ ನೀರು ಬಂತು.

ಕಳೆದ ವರ್ಷ ಕರ್ಕಿ ಊರಿನಾಚೆ ಕಡಲ ದಂಡೆಯ ಈ ಹೊಯ್ಗೆಯ ಮೇಲೆ, ಸುಡುವ ಮರಳಿನಲ್ಲಿ ತಿಮ್ಮಿ ಮೀನು ಒಣಗಲು ಹಾಕಿದ್ದಾಗ, ಪ್ರವಾಸಿಯೊಬ್ಬ ಮೊಬೈಲು ನೋಡುತ್ತ ಅದರ ಮೇಲೆಯೇ ನಡೆದುಬಂದಿದ್ದ. ತಿಮ್ಮಿ ಎರಡೂ ಕೈಯೆತ್ತಿ ಬೈದಿದ್ದಳು. ಅವನು ವಿಡಿಯೋ ಮಾಡಿಕೊಂಡು ಹೋಗಿ, 'ಇಲ್ಲಿಯ ಅಜ್ಜಿಯರು ಪುರಾತನ ಮಂತ್ರದಿಂದ ಹರಸುತ್ತಾರೆ. ಮೀನಿನ ವಾಸನೆಯೊಂದು ಇಲ್ಲದಿದ್ದರೆ ಸ್ವರ್ಗ' ಎಂದು ಬರೆದ. ಊರೂರಿನ ಜನ ನೋಡಿದರು. ತೀರವನ್ನು ಗುತ್ತಿಗೆ ಹಿಡಿದ ರಿಸಾರ್ಟ್ ಕಂಪನಿ ಅವನ ಎರಡು ಮಾತನ್ನೂ ನಡೆಸಿಕೊಟ್ಟಿತು. ಮಂತ್ರವನ್ನು ಕಮಾನು, ಟೋಪಿ, ನೀರಿನ ಬಾಟಲಿಗಳ ಮೇಲೆ ಬರೆಸಿತು. ಮೀನು ಒಣಗಿಸುವುದನ್ನು ನಿಲ್ಲಿಸಿತು.

ಕಂಪನಿಯವರು ಅರ್ಥ ಕೇಳಿದಾಗ ಗಣಪ, "ದೇವರು ನಿಮ್ಮನ್ನು ಎತ್ಲಿ ಅಂತ, ಸರ್," ಎಂದಿದ್ದ. ಪೂರ್ತಿ ಸುಳ್ಳೂ ಅಲ್ಲ.

ಮಧ್ಯಾಹ್ನ ಮ್ಯಾನೇಜರ್ ಅನೂಪ ಬಂದ. ಹೊರರಾಜ್ಯದವನು, ಕನ್ನಡವನ್ನು ಕೆಲಸಕ್ಕೆ ಬೇಕಾದಷ್ಟೇ ಕಲಿತಿದ್ದ. "ನಾಳೆ ದಿಲ್ಲಿಯಿಂದ ದೊಡ್ಡ ಅತಿಥಿ ಬರ್ತಾರೆ. ಭಾವ ಬೇಕು ಅಜ್ಜಿ, ಭಾವ! ನೀನು ಮನಸಾರೆ ಹೇಳ್ತಿಲ್ಲ ಅಂತ ರಿವ್ಯೂ ಬರ್ತಿದೆ."

"ಸಾಯ್ಬರೇ, ಒಂದು ಮೂಲೆ ಹೊಯ್ಗೆ ಬಿಡಿ. ಮನೇಲಿಟ್ಟ ಮೀನಿಗೆ ಹುಳ ಬೀಳ್ತದೆ. ಮಳೆಗಾಲಕ್ಕೆ ನಾವು ಎಂತ ತಿಂಬುದು?"

"ವಾಸನೆ ಅಂತ ಬರೆದಿದ್ದಾರಲ್ಲ? ನಿನ್ನ ಮೈಯಿಂದಲೇ ಹೊಡೀತಿದೆ. ಗಣಪಾ, ಸೆಂಟು!"

ಗಣಪ ಪಿಸ್ಸೆಂದು ಹೊಡೆದ. ಅರ್ಧ ಬಾಯಿಗೇ ಬಿತ್ತು. ತಿಮ್ಮಿ ಉಗಿದು, "ನಿನ್ ಹೆಣಾ ಎತ್ತಾ!" ಎಂದಳು.

"ಹಾಂ! ಇದೇ ಭಾವ!" ಅನೂಪ ಚಪ್ಪಾಳೆ ತಟ್ಟಿದ.

ಮನೆಯಲ್ಲಿ ತಿಮ್ಮಿ ತಂಗಿ ಸುಕ್ರಿಗೆ ಹೇಳಿದಳು: "ಬೈದ್ರೂ ಚಪ್ಪಾಳೆ ಹೊಡಿತ್ರಲೇ. ನಮ್ದು ಅಂತ ಇನ್ನು ಎಂತ ಉಳೀತು?"

ಸುಕ್ರಿ ಮೂಲೆಯ ಮೀನಿನ ಬುಟ್ಟಿಯತ್ತ ನೋಡಿದಳು. "ನಾತ ಉಳಿದದೆ."

ಮರುದಿನ ಅತಿಥಿಯ ಕಾರು ಬಂದಾಗ, ಕಮಾನಿನಿಂದ ಕಡಲಿನವರೆಗೆ ಹಾಸಿದ್ದ ಕೆಂಪು ಕಾರ್ಪೆಟ್ಟಿನ ಮೇಲೆ ಕಾಲಿಡಲು ಜಾಗವಿಲ್ಲದಂತೆ ಮೀನು ಹರವಿತ್ತು. ನೊಣ ಗುಂಯ್ಗುಡುತ್ತಿದ್ದವು. ತಿಮ್ಮಿ ತನ್ನ ಹಳೆಯ ಸೀರೆಯಲ್ಲಿ ನಡುವೆ ಕುಕ್ಕರುಗಾಲಲ್ಲಿ ಕುಳಿತಿದ್ದಳು.

"ರಂಡೆ, ಎತ್ತೇ ಇದನ್ನ!" ಅನೂಪ ಹಲ್ಲು ಕಚ್ಚಿದ. ಅತಿಥಿ ಮೂಗಿಗೆ ಕರವಸ್ತ್ರ ಹಿಡಿದು ನಿಂತದ್ದು ಕಂಡು ದನಿ ತಗ್ಗಿಸಿದ. "ಹೋಗ್ಲಿ, ಆ ಮಾತಾದರೂ ಹೇಳಮ್ಮ."

"ನೀವೇ ಹೇಳ್ಕಣಿ. ಕಮಾನಿನ ಮೇಲೆ ಬರ್ಸಿದ್ರಲ."

ಅತಿಥಿ ದಾರಿಯುದ್ದಕ್ಕೂ ಕಲಿತುಕೊಂಡು ಬಂದಿದ್ದರು. ತಾವೇ ಮೊದಲು ಹೇಳಬೇಕೇನೋ ಎಂದುಕೊಂಡು ಅನೂಪನ ಕಡೆ ತಿರುಗಿ, ಕೈಮುಗಿದು, ಮನಸಾರೆ ಹೇಳಿದರು: "ನಿನ್ ಹೆನಾ ಎತ್ತಾ."

ಜೊತೆಗೆ ಬಂದವರೆಲ್ಲ ಒಕ್ಕೊರಲಿನಿಂದ ಅನೂಪನಿಗೆ ಅದನ್ನೇ ಹೇಳಿದರು. ಅವನು ಎಲ್ಲರಿಗೂ ಬಾಗಿ ಬಾಗಿ ವಂದಿಸಿದ. ಎಳನೀರು ಹಿಡಿದಿದ್ದ ಗಣಪ ಕಡಲಿನ ಕಡೆ ಮುಖ ತಿರುಗಿಸಿದ.

"ಹೆನಾ ಅಲ್ಲ, ಹೆಣ," ಎಂದಳು ತಿಮ್ಮಿ. "ನಾಲಗೆ ಮಡಚಿ ಹೇಳಿ."

ಹೇಳಿ, ಮೀನುಗಳನ್ನು ಒಂದೊಂದಾಗಿ ಮಗುಚಿ ಇನ್ನೊಂದು ಮಗ್ಗುಲನ್ನು ಬಿಸಿಲಿಗೆ ಹಾಕತೊಡಗಿದಳು.