ಏಳನೇ ಪ್ರಶ್ನೆ

ಸಂಶೋಧನೆ ಅಂದರೆ ಏನು ಎಂದು ದೀಕ್ಷಾಳಿಗೆ ಹೇಳಿಕೊಟ್ಟವರು ಯಾರೂ ಇರಲಿಲ್ಲ. ಕಾರವಾರದ ಕಾಲೇಜಿನಲ್ಲಿ ಬಿಬಿಎ ಎರಡನೇ ವರ್ಷ. ಧಾರವಾಡದಲ್ಲಿ ಬೇಸಿಗೆಯ ಎರಡು ತಿಂಗಳು ಸಂಶೋಧನಾ ತರಬೇತಿ, ಕಾಲೇಜಿಗೆ ಒಂದೇ ಸೀಟು ಎಂಬ ನೋಟಿಸು ಓದಿದ ದಿನದಿಂದ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಸೀಟು ಬೇಕಾದರೆ ಒಂದು ಸರ್ವೆ ಮಾಡಿ, ಸಂದರ್ಶನಕ್ಕೆ ಧಾರವಾಡದಿಂದ ಬರುವವರ ಮುಂದೆ ಹೇಳಬೇಕಿತ್ತು.

ತಾಯಿ ಲಲಿತಾ ಅಂಕೋಲೆಯಲ್ಲಿ ಮೀನು ಮಾರುವವಳು. ದೀಕ್ಷಾ ಮೂರು ಭಾನುವಾರ ಅದೇ ಪೇಟೆಯಲ್ಲಿ ಕುಕ್ಕರುಗಾಲಲ್ಲಿ ಕೂತು ನಲವತ್ತು ಹೆಂಗಸರ ಉತ್ತರ ಬರೆದುಕೊಂಡಳು. ಏಳನೇ ಪ್ರಶ್ನೆ, ದಿನದ ದರ ಹೇಗೆ ನಿರ್ಧರಿಸುತ್ತೀರಿ? ಕಮಲಕ್ಕ ಹೇಳಿದ ಹಾಗೆ, ಎಂದರು ನಲವತ್ತೂ ಜನ. ಬೆಳಿಗ್ಗೆ ಬುಟ್ಟಿ ಇಳಿದ ಮೇಲೆ ಮುದುಕಿ ಕಮಲಿ ಮೀನಿನ ಕಿವಿರು ಎತ್ತಿ ನೋಡಿ ದರ ಕೂಗುತ್ತಾಳೆ. ಮಧ್ಯಾಹ್ನದ ತನಕ ಅದಕ್ಕಿಂತ ಕೆಳಗೆ ಯಾರೂ ಇಳಿಯುವುದಿಲ್ಲ. ಹುಟ್ಟಿದಾಗಿನಿಂದ ನೋಡಿದ್ದು, ಅದೊಂದು ಹೇಳುವಂಥ ಸಂಗತಿ ಎಂದು ದೀಕ್ಷಾಳಿಗೆ ಅನಿಸಲೇ ಇಲ್ಲ.

"ನನ್ ಹೆಸ್ರು ಸಮಾ ಬರ್ಕೊ ಮಗಾ," ಎಂದಳು ಕಮಲಿ. "ನಿಮ್ ಸರ್ ಬಂದ್ರೂ ಬಂಗಡೆಗೆ ನಂದೇ ರೇಟು."

ಸಂದರ್ಶನದ ಹಿಂದಿನ ದಿನ ಅವಳ ಕಾಲೇಜಿನ ಗುರುಪ್ರಸಾದ ಸರ್ ಸ್ಟಾಫ್ ರೂಮಿನಲ್ಲಿ ಫಾರ್ಮು ತಿರುವಿದರು.

"ಏಳನೇದಕ್ಕೆ ನಲವತ್ತೂ ಒಂದೇ ಉತ್ರ? ಮನೇಲಿ ಕೂತು ಬರ್ದದ್ದು ಅಂತಾರೆ, ನೋಡು."

ಇನ್ನೊಮ್ಮೆ ಪೇಟೆಗೆ ಹೋಗಲು ಹೊತ್ತಿರಲಿಲ್ಲ. ದೀಕ್ಷಾ ಲೈಬ್ರರಿಯಲ್ಲಿ ಕೂತು ಇಪ್ಪತ್ತಾರು ಫಾರ್ಮು ಹೊಸದಾಗಿ ಬರೆದಳು. ಏಳನೆಯದಕ್ಕೆ ಕೆಲವುಗಳಲ್ಲಿ ಗಿರಾಕಿ ನೋಡಿ ಎಂದು, ಕೆಲವುಗಳಲ್ಲಿ ಪಕ್ಕದವಳನ್ನು ನೋಡಿ ಎಂದು. ನಡುವೆ ಎರಡು ಸಲ ಪೆನ್ನು ಬದಲಿಸಿದಳು. ಹಳೆಯವನ್ನು ಹರಿದು ಬಸ್‌ಸ್ಟ್ಯಾಂಡಿನ ಕಸದ ಡಬ್ಬಿಗೆ ಹಾಕಿ ಅಂಕೋಲೆಯ ಬಸ್ಸು ಹತ್ತಿದಳು.

ಮರುದಿನ ಸಂದರ್ಶನಕ್ಕೆ ಬಂದ ಧಾರವಾಡದ ಸುಗಂಧಾ ಮೇಡಂ ಅವಳ ಫಾರ್ಮುಗಳನ್ನು ಎರಡು ಸಲ ಓದಿದರು.

"ಇಷ್ಟು ಸಣ್ಣ ಪೇಟೆ. ಹದಿನಾಲ್ಕು ಮಂದಿ ಮಾತ್ರ ಒಬ್ಬರ ಮಾತು ಕೇಳ್ತೀವಿ ಅಂದಾರೆ. ದರ ಕಟ್ಟೋದಕ್ಕೆ ಎಲ್ಲಾರೂ ಕೇಳೋ ಹಿರಿಯರು ಯಾರೂ ಇಲ್ಲೇನು? ನಾ ಹುಡುಕ್ತಿರೋದು ಅದನ್ನೇ."

ದೀಕ್ಷಾ ಗುರುಪ್ರಸಾದ ಸರ್ ಕಡೆ ನೋಡಿದಳು. ಅವರು ಕಿಟಕಿ ನೋಡುತ್ತಿದ್ದರು. ಇದ್ದಾರೆ ಎಂದರೆ ಮೇಜಿನ ಮೇಲಿದ್ದ ಇಪ್ಪತ್ತಾರು ಫಾರ್ಮು ಸುಳ್ಳಾಗುತ್ತಿದ್ದವು.

"ಇಲ್ಲ ಮೇಡಂ," ಎಂದಳು.

ಸೀಟು ಅದೇ ಕಾಲೇಜಿನ, ಮಾಜಾಳಿ ಊರಿನ ಅಮಿತನಿಗೆ ಹೋಯಿತು. ಅವನು ಮೊಬೈಲ್ ಅಂಗಡಿಗಳ ಸರ್ವೆ ಮಾಡಿದ್ದ.

ಸಂಜೆ ಅಂಕೋಲೆಯಲ್ಲಿ ಇಳಿದರೆ ಕಮಲಿ ಖಾಲಿ ಬುಟ್ಟಿ ಇಟ್ಟುಕೊಂಡು ಬಸ್ಸಿಗೆ ಕಾಯುತ್ತಿದ್ದಳು.

"ನನ್ ಹೆಸ್ರು ಓದಿದ್ಯನೇ?"

"ಓದ್ದೆ."

ಹೋದದ್ದು ಮೂರು ಭಾನುವಾರ, ಇಪ್ಪತ್ತಾರು ಫಾರ್ಮು, ಒಂದು ಸೀಟು.