ಆಮೆಯ ಬೆನ್ನ ಮೇಲಿನ ಅರಿಶಿನ

ಮತ್ತೆ ಕೂಗಿತು ಟಿಟ್ಟಿಭ, ಬಿಳಿಜಾಲಿ ಮರದಾಚೆಯಿಂದ, ಯಾರೋ ಬಂದರು ಯಾರೋ ಬಂದರು ಅಂದಹಾಗೆ, ಬಂದವಳು ನಾನೇ ಕಣೇ, ಸುಮ್ಮನಿರು, ಅಂದುಕೊಂಡಳು ಭಾವನಾ, ಮುಳ್ಳುಬೇಲಿಯ ಕಂಡಿಯಲ್ಲಿ ದುಪಟ್ಟಾ ಸಿಕ್ಕಿಸಿಕೊಂಡು — ಮೂರು ತಿಂಗಳ ಹಿಂದೆ ಇದೇ ಕಂಡಿಯಲ್ಲಿ ಇದೇ ಹಕ್ಕಿ ಕೂಗಿದಾಗ ಎಷ್ಟು ಹಿಗ್ಗಿದ್ದಳು, ಬೆಳ್ಳಿಯಮ್ಮ ನಕ್ಕಿದ್ದಳು, ಮಗಳೇ ಅನ್ನುವ ಕಡೆ ಕಣ್ಣು ಅನ್ನುವವಳು, ಅದು ಆಳ್‌ಕಾಟ್ಟಿ ಕಣ್ಣು, ಆಳು ಬಂದ್ರೆ ಕಾಡಿಗೆಲ್ಲ ಯೋಳ್ತದ — ವಾರವೆಲ್ಲ ಶರವಣಂಪಟ್ಟಿಯ ಆಫೀಸಿನಲ್ಲಿ ಪರದೆ ನೋಡಿ, ಭಾನುವಾರ ಹಕ್ಕಿ ಎಣಿಸುವವರ ಗುಂಪಿನ ಜೊತೆ ಅಲೆಯುವ ದಾವಣಗೆರೆ ಹುಡುಗಿಗೆ ಕಾಂಗೇಯಂ ಕಡೆಯ ಈ ತಮಿಳು ಸೀಮೆಯ ಒಣಬಯಲಲ್ಲಿ ಕನ್ನಡ ಆಡುವ ಮುದುಕಿ ಸಿಗುವುದೆಂದರೇನು, ಅಯ್ಯೋ ನೀನೂ ನಮ್ ಮಾತಾ ಎಂದು ಕೈಹಿಡಿದು, ಗುಂಪನ್ನು ರಸ್ತೆಯಲ್ಲೇ ಬಿಟ್ಟು, ದನ ಮೇಯುವ ತನ್ನ ಬೇಲಿಯೊಳಗೆ ಇವಳೊಬ್ಬಳನ್ನೇ ಕರೆದೊಯ್ದಿದ್ದಳು, ಬಂಡೆಯ ಬುಡದಲ್ಲಿ ಹೂತಿಟ್ಟ ಮಡಕೆಯ ಓಡು, ಅದರಲ್ಲಿ ನೀರು, ಸುತ್ತ ನಕ್ಷತ್ರದ ಆಮೆಗಳು, ಒಂದಲ್ಲ ಎರಡಲ್ಲ ಏಳು, ಏಳರ ಬೆನ್ನ ಮೇಲೂ ಹಳದಿ ಬೊಟ್ಟು. ನಮ್ಮತ್ತೆ ಕಾಲ್ದಿಂದ ಇಟ್ಕಂಡು ಬಂದದ್ದು, ಮಳೆ ಬಿದ್ದು ಆಮೆ ಹೊರಗ ಬಂದ್ರೆ ಮನೆಗ ಬಂದ ಮಗಳಿದ್ದಂಗ, ಬೊಟ್ಟಿಡದ ಕಳಿಸ್ಬಾರ್ದು, ಎಣ್ಣೇಲಿ ಕಲಸಿದ್ ಅರಿಶಿನ, ಲೇಸಲ್ಲಿ ಹೋಗಾಕಿಲ್ಲ, ಮಳೇಲಿ ನೆಂದ್ರೂ ನಿಲ್ತದ. ನೀ ಬರೀತಿದ್ದೀಯಲ್ಲ ಫೋನಲ್ಲಿ, ಅದನ್ನ ಯಾರು ಓದ್ತಾರೆ? ಎಲ್ಲರೂ ಓದ್ತಾರೆ ಅಜ್ಜಿ, ಇಡೀ ಪ್ರಪಂಚ. ಏನು ಜಂಬ ಆ ಉತ್ತರದಲ್ಲಿ! ನಾಲಿಗೆ ಸೀದುಹೋಗಬಾರದಿತ್ತೇ ಆಗಲೇ.

ಆಮೆಯ ದಾಖಲೆಯಲ್ಲಿ ತಪ್ಪು ಮಾಡಿರಲಿಲ್ಲ, ಅದೊಂದು ಸಮಾಧಾನ, ಸಮಾಧಾನವಂತೆ, ಥೂ — ಕಳ್ಳರ ಕಣ್ಣಿರುವ ಪ್ರಾಣಿಗಳ ಜಾಗವನ್ನು ಕಂಡದ್ದನ್ನೆಲ್ಲ ದಾಖಲಿಸುವ ಫೋನಿನ ಆ್ಯಪ್ ತಾನೇ ಮರೆಮಾಡುತ್ತದೆ, ಗುಂಪಿನ ಹಿರಿಯರಾದ ಹರಿಹರನ್ ಸರ್ ಮೊದಲ ದಿನವೇ ಹೇಳಿದ್ದರು, ಅವಳೂ ಮರೆಮಾಡಿದ್ದಳು. ಆದರೆ ಟಿಟ್ಟಿಭದ ಗೂಡನ್ನು ಬೇರೆ ದಾಖಲಿಸಿದಳಲ್ಲ, ಹಕ್ಕಿಯ ಜಾಗ ಎಲ್ಲರಿಗೂ ಕಾಣುತ್ತದಲ್ಲ, ಅದರ ಕೆಳಗೆ ಟಿಪ್ಪಣಿಯ ಚೌಕ ಖಾಲಿ ಇತ್ತಲ್ಲ, ಖಾಲಿ ಚೌಕ ಕಂಡರೆ ಅವಳ ಕೈ ಸುಮ್ಮನಿರುವುದಿಲ್ಲವಲ್ಲ, ಬರೆದೇಬಿಟ್ಟಳು — ಗೂಡಿನಿಂದ ಇಪ್ಪತ್ತು ಹೆಜ್ಜೆ ಪೂರ್ವಕ್ಕೆ ಬಂಡೆ, ನೀರಿನ ಓಡು, ಏಳು ನಕ್ಷತ್ರ ಆಮೆಗಳು ದಿನವೂ ಬರುತ್ತವೆ. ಯಾರೋ ಭೇಷ್ ಅಂದಿದ್ದರು, ಸೊಗಸಾದ ವಿವರ ಅಂದಿದ್ದರು. ಇವತ್ತು ಬೆಳಿಗ್ಗೆ ಬಸ್ಸಿನಲ್ಲಿ ಹರಿಹರನ್ ಸರ್ ಕಳಿಸಿದ ಫೋಟೋ, ಯಾವುದೋ ವಿಮಾನನಿಲ್ದಾಣದಲ್ಲಿ ಸಿಕ್ಕ ಸೂಟ್‌ಕೇಸು, ತಲೆ ಕಾಲು ಹೊರಬಾರದ ಹಾಗೆ ಆಮೆಗಳಿಗೆ ಸುತ್ತಿದ ಕಂದು ಟೇಪು, ಅರ್ಧಕ್ಕರ್ಧ ಸತ್ತಿವೆಯಂತೆ, ಮೂರರ ಟೇಪಿನಂಚಿನಲ್ಲಿ ಇಣುಕುವ ಅರಿಶಿನ. ಆ ಟಿಪ್ಪಣಿ ಅಳಿಸಿಬಿಡಮ್ಮ, ಅಷ್ಟೇ ಬರೆದಿದ್ದರು, ಬೈದಿದ್ದರೆ ಆಗುತ್ತಿತ್ತು, ಬಸ್ಸು ಅವಿನಾಶಿ ದಾಟುವುದರೊಳಗೆ ಅಳಿಸಿದಳು, ಅಳಿಸಿ ಏನು ಬಂತು, ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಬಂದ್ಯಾ ಕಣ್ಣು, ಬೆಳ್ಳಿಯಮ್ಮ ಬಂಡೆಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಓಡಿಗೆ ನೀರು ಸುರಿಯುತ್ತಿದ್ದಾಳೆ, ಪಕ್ಕದಲ್ಲಿ ಎಲೆಯ ಮೇಲೆ ಕಲಸಿಟ್ಟ ಅರಿಶಿನ, ಹೆಬ್ಬೆರಳು ಹಳದಿ — ಯಾರಿಗೆ ಅಜ್ಜಿ ಅದು, ಯಾರಿಗೆ, ಕೇಳಲಿಲ್ಲ — ಒಂದಾದ್ರೂ ತಿರ್ಗ ಬರ್ಬೋದಲ್ಲ, ತಾನೇ ಹೇಳಿದಳು. ಆ ಶಕ್ತಿವೇಲನ್ನ ಇನ್ ಈ ಕಡೆ ಕಾಲಿಡ್ಬ್ಯಾಡ ಅಂದೆ, ಇಪ್ಪತ್ತು ವರ್ಸ ಇಲ್ಲೇ ಆಡು ಮೇಯ್ಸಿದೋನು, ನಮ್ ಮನೆ ಕೂಳು ತಿಂದೋನು, ಅವನ್ನ ಬಿಟ್ರೆ ಈ ಜಾಗ ಬ್ಯಾರೆ ಯಾರ್ಗ ಗೊತ್ತು ಯೋಳು, ಸಾಮಿ ಮೇಲ ಆಣೆ ಇಡ್ತಾನ, ಅಳ್ತಾನ, ನಂಬ್ಲಿಲ್ಲ ನಾನು. ಅಳುತ್ತಾನಂತೆ, ಐವತ್ತು ದಾಟಿದ ಗಂಡಸು, ಹೇಳು, ಈಗಲೇ ಹೇಳಿಬಿಡು, ಹೇಳಿದರೆ ಈ ಕೈ ಮತ್ತೆ ನನ್ನ ಕೈ ಹಿಡಿಯುವುದಿಲ್ಲ, ಹಿಡಿಯಬೇಕಾಗಿಯೂ ಇಲ್ಲ, ಹೇಳೇ ಹೇಡಿ. ಕಣ್ಣು, ಬೆಳ್ಳಿಯಮ್ಮ ಇವಳ ಮೊಣಕೈ ಮುಟ್ಟಿದಳು, ನಿನ್ ಫೋನಲ್ಲಿ ಬರಿ, ಆಮೆ ಕಾಣೆ, ಬೊಟ್ಟಿಟ್ಟ ಆಮೆ ಅಂತ, ಇಡೀ ಪ್ರಪಂಚ ಓದ್ತದ ಅಂದ್ಯಲ್ಲ, ಕಂಡೋರು ಯಾರಾದ್ರೂ ತಂದ್ ಬಿಟ್ಟಾರು.

ಶಕ್ತಿವೇಲ್ ಅಣ್ಣ ಅಲ್ಲ ಅಜ್ಜಿ, ಬಾಯಿಂದ ಬಂತು, ಇಷ್ಟೇ ಬಂತು, ಟಿಟ್ಟಿಭ ಸುಮ್ಮನಾಯಿತು, ಮುದುಕಿ ಕೊಡ ಕೆಳಗಿಟ್ಟು ತಿರುಗಿದಳು, ಮತ್ತೆ ಯಾರು ಕಣ್ಣು, ನಿನಗ್ಹೆಂಗ ಗೊತ್ತು — ಮೊಣಕೈ ಮೇಲೆ ಎಣ್ಣೆಯ ಜಿಡ್ಡು, ನೋಡಬಾರದು, ನೋಡಿದಳು, ಅಜ್ಜಿ ಮುಟ್ಟಿದ ಜಾಗದಲ್ಲಿ ಬೊಟ್ಟು ಬಿದ್ದಿದೆ, ಹಳದಿ, ಕಂದು ಟೇಪು, ಟೇಪಿನಂಚಿನಲ್ಲಿ ಅರಿಶಿನ, ಅರಿಶಿನ, ಟೇಪಿನಂಚಿನಲ್ಲಿ